ಅಧ್ಯಕ್ಷರ ಕುರ್ಚಿಗೊಬ್ಬ ಲಾರ್ಡ್

ಮಂತ್ರಿಗಳ ಮುಖ ಅಂಟಿಸಿದ ಆ ನಕಲಿ ವಿಡಿಯೊದ ಹೂಡಿಕೆ ಜಾಹೀರಾತು ಮೊಬೈಲಿನಲ್ಲಿ ಮತ್ತೆ ತಲೆಯೆತ್ತಿದೆ. ಸಾವಿರ ಹಾಕಿ ಲಕ್ಷ ಎಣಿಸಬೇಕಂತೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಈಗಿನ ಮೋಸಗಾರರಿಗೆ ಕಸುಬಿನ ಮೇಲೆ ಶ್ರದ್ಧೆಯೇ ಇಲ್ಲ.

ಹತ್ತೊಂಬತ್ತನೇ ಶತಮಾನದ ಕೊನೆಯ ಇಂಗ್ಲಿಷ್ ಮೋಸಗಾರ ವಿಟೇಕರ್ ರೈಟ್ ಇಂಥ ಅಗ್ಗದ ಕೆಲಸಕ್ಕೆ ಇಳಿದವನಲ್ಲ. ಆಸ್ಟ್ರೇಲಿಯಾದ ಚಿನ್ನ, ಕೆನಡಾದ ರಾಸ್‌ಲ್ಯಾಂಡಿನ ಚಿನ್ನ-ತಾಮ್ರದ ಗಣಿಗಳನ್ನು ತೋರಿಸಿ ಲಂಡನ್ನಿನಲ್ಲಿ ಷೇರು ಮಾರುತ್ತಿದ್ದ ಅವನು, ದೊಡ್ಡವರ ಮುಖ ಬೇಕಾದಾಗ ಅಸಲಿ ಮುಖವನ್ನೇ ಹಣ ತೆತ್ತು ತಂದ. ಅವನ ‘ಲಂಡನ್ ಅಂಡ್ ಗ್ಲೋಬ್’ ಕಂಪನಿಯ ಅಧ್ಯಕ್ಷರು ಯಾರೆಂದುಕೊಂಡಿರಿ? 1884ರಿಂದ 1888ರವರೆಗೆ ನಮ್ಮ ವೈಸ್‌ರಾಯ್ ಆಗಿದ್ದ ಸಾಕ್ಷಾತ್ ಲಾರ್ಡ್ ಡಫರಿನ್! ಉತ್ತರ ಬರ್ಮಾವನ್ನು ಸಾಮ್ರಾಜ್ಯಕ್ಕೆ ಸೇರಿಸಿದ ಮಹಾನುಭಾವರಿಗೆ ಒಂದು ಲೆಕ್ಕಪತ್ರ ಓದಲು ಬರುತ್ತಿರಲಿಲ್ಲ. ಅಧ್ಯಕ್ಷರಿಗೆ ಅದಕ್ಕಿಂತ ದೊಡ್ಡ ಅರ್ಹತೆ ಬೇಕೆ?

ಇನ್ನು ಗಣಿಯ ವಿಷಯ. ಆಸ್ಟ್ರೇಲಿಯಾದ ಕಾಲ್ಗೂರ್ಲಿಯ ಲೇಕ್ ವ್ಯೂ ಗಣಿಯಲ್ಲಿ 1899ರಲ್ಲಿ ‘ಡಕ್ ಪಾಂಡ್’, ಅಂದರೆ ಬಾತುಕೋಳಿ ಕೊಳ, ಎಂಬ ಭಾರೀ ಅದಿರಿನ ನಿಕ್ಷೇಪ ಸಿಕ್ಕಿತು. ಷೇರು ಗಗನಕ್ಕೇರಿತು. ಬಾತುಕೋಳಿ ಕೊಳ ಬತ್ತಿತು. ಅಷ್ಟೇ ಕಥೆ.

ಅವನ ಮನೆಯ ಕಥೆ ಇದಕ್ಕಿಂತ ಸೊಗಸು. ಇಂಗ್ಲೆಂಡಿನ ಸರ್ರಿ ಸೀಮೆಯ ವಿಟ್ಲಿ ಪಾರ್ಕಿನಲ್ಲಿ ಗುಡ್ಡ ಅಡ್ಡ ಬಂದರೆ ಗುಡ್ಡ ತೆಗೆಸಿ, ಕೆರೆ ಬೇಕೆನಿಸಿದರೆ ಕೆರೆ ತೋಡಿಸಿ, ಆ ಕೆರೆಯ ಅಡಿಯಲ್ಲಿ ಗಾಜಿನ ಗುಮ್ಮಟದ ಒಂದು ಕೋಣೆ ಕಟ್ಟಿಸಿದ. ಸುರಂಗದೊಳಗೆ ನಡೆದು ಹೋಗಿ ಅತಿಥಿಗಳು ಅಲ್ಲಿ ಕೂತು ಚುಟ್ಟಾ ಸೇದಬಹುದಿತ್ತು. ತಲೆಯ ಮೇಲೆ ಮೀನುಗಳು ಈಜುತ್ತಿದ್ದವು. ಗುಮ್ಮಟದ ನೆತ್ತಿಯಲ್ಲಿ, ನೀರಿನ ಮೇಲೆ, ಸಮುದ್ರರಾಜ ನೆಪ್ಚೂನನ ಪ್ರತಿಮೆ. ಷೇರುದಾರರನ್ನು ಮುಳುಗಿಸುವ ಮೊದಲು ತಾನೇ ಮುಳುಗಿ ಅಭ್ಯಾಸ ಮಾಡಿಕೊಂಡ ಪ್ರಾಮಾಣಿಕ!

ಲೆಕ್ಕಪತ್ರದ ದಿನ ಹತ್ತಿರವಾದಾಗ ಒಂದು ಕಂಪನಿಯ ದುಡ್ಡನ್ನು ಇನ್ನೊಂದರ ಪೆಟ್ಟಿಗೆಗೆ ದಾಟಿಸಿ ಎಲ್ಲವೂ ತುಂಬಿ ತುಳುಕುವಂತೆ ತೋರಿಸುವುದು ಅವನ ಕೈಚಳಕ. 1900ರ ಡಿಸೆಂಬರ್ ಕೊನೆಯಲ್ಲಿ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಖಾಲಿಯಾದವು. ಡಫರಿನ್ ತಮ್ಮ ದುಡ್ಡನ್ನೂ ಕಳೆದುಕೊಂಡರು. ಅವರಿಗೆ ಕೆರೆಗಟ್ಟಲೆ ಕಣ್ಣೀರು ಹರಿಯಿತು. ಅವರ ಹೆಸರನ್ನು ನಂಬಿ ಉಳಿತಾಯ ಸುರಿದವರ ಹೆಸರು ಯಾರಿಗೂ ಗೊತ್ತಿಲ್ಲ.

ನನಗೆ ನಗು ನಿಲ್ಲುವುದು ಇಲ್ಲಿ. ಸರ್ಕಾರ ಮೊಕದ್ದಮೆ ಹೂಡಲಿಲ್ಲ. ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಸರ್ಕಾರದ ಹಿರಿಯ ವಕೀಲರಾದ ಅಟಾರ್ನಿ ಜನರಲ್ ಕೈ ತೊಳೆದುಕೊಂಡರು. ಎರಡು ವರ್ಷ ಹೀಗೇ ಕಳೆಯಿತು. ಕಡೆಗೆ ಸಾಲಿಗರೂ ಷೇರುದಾರರೂ ನ್ಯಾಯಾಲಯಕ್ಕೆ ಮೊರೆಯಿಟ್ಟ ಮೇಲೆ, ದಿವಾಳಿ ಕಂಪನಿಯಲ್ಲಿ ಉಳಿದಿದ್ದ ಚೂರುಪಾರು ಹಣದಲ್ಲೇ ದಾವೆ ನಡೆಸಲು ಅಪ್ಪಣೆಯಾಯಿತು. ಕಳೆದುಕೊಂಡವನೇ ಕಳ್ಳನನ್ನು ಹಿಡಿಸುವ ಖರ್ಚನ್ನೂ ಹೊರಬೇಕು. ಅಂದೂ ಅಷ್ಟೇ, ಇಂದೂ ಅಷ್ಟೇ. ದೂರು ಕೊಡಲು ಹೋಗಿ ನೋಡಿ.

1904ರ ಜನವರಿಯಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ರೈಟ್ ನ್ಯಾಯಾಲಯದ ಕೋಣೆಯಲ್ಲೇ ಸೈನೈಡ್ ನುಂಗಿ ಸತ್ತ. ಅದಿರಿನಿಂದ ಚಿನ್ನ ಬಿಡಿಸುವ ಅದೇ ಸೈನೈಡ್, ಕೆ.ಜಿ.ಎಫ್.ನವರಿಗೆ ಅದರ ದಿಬ್ಬಗಳ ಧೂಳಿನ ಪರಿಚಯ ಮಾಡಿಸಬೇಕಿಲ್ಲ.

ಅವನ ವಿರುದ್ಧ ವಾದಿಸಿ ಕೀರ್ತಿ ಪಡೆದ ವಕೀಲರು ರೂಫಸ್ ಐಸಾಕ್ಸ್. ಮುಂದೆ ಅಟಾರ್ನಿ ಜನರಲ್ ಆದರು. 1912ರಲ್ಲಿ ನಿಸ್ತಂತು ಸಂಪರ್ಕದ ಅಮೆರಿಕದ ಮಾರ್ಕೋನಿ ಕಂಪನಿಯ ಷೇರು ಕೊಂಡರು. ಅದರ ಇಂಗ್ಲಿಷ್ ಕಂಪನಿಗೆ ಸರ್ಕಾರದ ಗುತ್ತಿಗೆ ಸಿಗುವುದರಲ್ಲಿತ್ತು, ಅಲ್ಲಿ ತಮ್ಮನೇ ವ್ಯವಸ್ಥಾಪಕ. ತನಿಖೆಗೆ ಕೂತ ಸಂಸತ್ತಿನ ಸಮಿತಿಯಲ್ಲಿ ಸ್ವಪಕ್ಷದವರು ಬಹುಮತದಿಂದ ನಿರ್ದೋಷಿ ಎಂದರು. 1913ರಲ್ಲೇ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿ. 1921ರಲ್ಲಿ ಲಾರ್ಡ್ ರೀಡಿಂಗ್ ಎಂಬ ಹೆಸರಿನಲ್ಲಿ ನಮಗೆ ವೈಸ್‌ರಾಯ್ ಆಗಿ ಬಂದರು.