ದಪ್ಪಕ್ಷರವನ್ನು ವಾಲಿಸುವ ಮುನ್ನ

ಯಾವ ಊರಿನ ಬಸ್ ನಿಲ್ದಾಣದ ಮುಂದೆ ನಿಂತು ನೋಡಿದರೂ ಸರಿ, ಫ್ಲೆಕ್ಸ್‌ಗಳ ಮೇಲಿನ ಕನ್ನಡ ಬಲಕ್ಕೆ ವಾಲಿಕೊಂಡಿರುತ್ತದೆ. ‘ಬೃಹತ್ ರಿಯಾಯಿತಿ ಮಾರಾಟ’ ವಾಲಿರುತ್ತದೆ, ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ವಾಲಿರುತ್ತದೆ, ಕೊನೆಗೆ ‘ಭಾವಪೂರ್ಣ ಶ್ರದ್ಧಾಂಜಲಿ’ಯೂ ವಾಲಿರುತ್ತದೆ. ತೀರಿಕೊಂಡವರಿಗೆ ಇನ್ನೆಲ್ಲಿಯ ಅವಸರ?

ದಪ್ಪ ಇಟಾಲಿಕ್, ಅಂದರೆ ಹೀಗೆ ಬಲಕ್ಕೆ ವಾಲಿದ ಅಕ್ಷರಗಳ ಮೇಲೆ ನನಗೇನೂ ದ್ವೇಷವಿಲ್ಲ. ಬಹಳ ಇಷ್ಟ, ಅದಕ್ಕೇ ಈ ಸಿಟ್ಟು.

ಇಟಾಲಿಕ್ ಹುಟ್ಟಿದಾಗ ದಪ್ಪವೂ ಇರಲಿಲ್ಲ, ಅದಕ್ಕೆ ಯಾರ ಗಮನವನ್ನೂ ಸೆಳೆಯುವ ಉದ್ದೇಶವೂ ಇರಲಿಲ್ಲ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ ಕೈಯಲ್ಲಿ ಹಿಡಿದು ಓದುವಂಥ ಸಣ್ಣ ಪುಸ್ತಕಗಳಿಗೆಂದು ಅದನ್ನು ಬಳಸಿದ. ಅಚ್ಚಿನ ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಇಡೀ ಪುಸ್ತಕವೇ ಆ ತೆಳು ಕೈಬರಹದ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಅದಕ್ಕೆ ಮೈ ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಲಂಡನ್ನಿನ ಲಾಟರಿ ಜಾಹೀರಾತುಗಳ ಕಾಲಕ್ಕೆ. ಗೋಡೆಯ ಮೇಲಿನ ಕಾಗದ ದಾರಿಹೋಕರನ್ನು ತಡೆದು ನಿಲ್ಲಿಸಬೇಕಿತ್ತು. ದಪ್ಪ ಇಟಾಲಿಕ್ ಹುಟ್ಟಿದ್ದೇ ಮಾರಾಟಕ್ಕೆ; ರಿಯಾಯಿತಿಯ ಬೋರ್ಡಿನ ಮೇಲೆ ಅದು ಕಂಡರೆ ನನ್ನ ತಕರಾರಿಲ್ಲ.

ಈ ಜಾತಿಯಲ್ಲಿ ನನ್ನ ಮೆಚ್ಚಿನದು ಕೂಪರ್ ಬ್ಲ್ಯಾಕ್ ಇಟಾಲಿಕ್. ಶಿಕಾಗೊದ ಅಕ್ಷರ ವಿನ್ಯಾಸಕ ಓಸ್ವಾಲ್ಡ್ ಕೂಪರ್ 1920ರ ದಶಕದಲ್ಲಿ ಮಾಡಿದ್ದು. ಇದರ ನೆಟ್ಟಗಿನ ರೂಪವನ್ನು ನೀವು ಬ್ರಿಟನ್ನಿನ ಈಜಿಜೆಟ್ ಕಂಪನಿಯ ವಿಮಾನಗಳ ಮೈಮೇಲೆ ನೋಡಿರುತ್ತೀರಿ: ಉಬ್ಬಿದ, ಮೂಲೆಗಳೇ ಇಲ್ಲದ ಅಕ್ಷರ. ದೂರದೃಷ್ಟಿಯ ಮುದ್ರಕರಿಗೆ, ಸಮೀಪದೃಷ್ಟಿಯ ಗ್ರಾಹಕರಿಗೆ ಎಂದು ಕೂಪರ್ ತನ್ನ ಅಕ್ಷರವನ್ನು ತಾನೇ ಗೇಲಿ ಮಾಡಿದ್ದನಂತೆ. ಆದರೆ ಇಟಾಲಿಕ್ ಬೇಕಾದಾಗ ಆತ ನೆಟ್ಟಗಿನದನ್ನು ಸುಮ್ಮನೆ ತಳ್ಳಿ ವಾಲಿಸಲಿಲ್ಲ, ಬೇರೆಯಾಗಿಯೇ ಬರೆದ. ನಿಜವಾದ ಇಟಾಲಿಕ್ ಎಂದರೆ ಅದೇ. ರೋಮನ್ (ಇಂಗ್ಲಿಷ್ ಬರೆಯುವ) ಲಿಪಿಯ ಸಣ್ಣ ‘ಎ’ ತನ್ನ ಮೇಲಂತಸ್ತನ್ನು ಕಳೆದುಕೊಳ್ಳುತ್ತದೆ, ‘ಎಫ್’ ಹಲವು ಸಲ ಸಾಲಿನ ಕೆಳಕ್ಕೆ ಕಾಲು ಚಾಚುತ್ತದೆ, ಅಕ್ಷರಗಳ ಅಗಲ ಬದಲಾಗುತ್ತದೆ.

ಕನ್ನಡದಲ್ಲಿ ನಾವು ಮಾಡುತ್ತಿರುವುದು ಗುಂಡಿ ಒತ್ತುವ ಕೆಲಸ. ಹೆಚ್ಚಿನ ಫಾಂಟ್‌ಗಳಲ್ಲಿ ಇಟಾಲಿಕ್ ಇರುವುದಿಲ್ಲ, ತಂತ್ರಾಂಶ ಇದ್ದ ಅಕ್ಷರವನ್ನೇ ಓರೆಗೆ ತಳ್ಳುತ್ತದೆ. ಬೋಲ್ಡ್ (ದಪ್ಪ ರೂಪ) ಇರದಿದ್ದರೆ ಅಂಚಿಗೆ ಇನ್ನಷ್ಟು ಮಸಿ ಬಳಿಯುತ್ತದೆ. ಪರಿಣಾಮ ನೋಡಲು ಆ ‘ಶ್ರದ್ಧಾಂಜಲಿ’ಯನ್ನೇ ತೆಗೆದುಕೊಳ್ಳಿ. ಓರೆ ಮಾಡಿದಾಗ ಸಾಲಿನ ಮೇಲಿರುವುದು ಬಲಕ್ಕೆ ಸರಿಯುತ್ತದೆ, ಕೆಳಗಿರುವುದು ಎಡಕ್ಕೆ. ಹಾಗಾಗಿ ‘ಶ’ದ ಕೆಳಗಿನ ರಕಾರದ ಒತ್ತು ಹಿಂದಕ್ಕೆ ಜಾರುತ್ತದೆ, ‘ದ’ದ ಒತ್ತು ತನ್ನ ಒಡೆಯನನ್ನು ಬಿಟ್ಟು ಪಕ್ಕದವನತ್ತ ಹೊರಡುತ್ತದೆ, ‘ಲಿ’ಯ ಗುಡಿಸು ಮುಂದಕ್ಕೆ ಬಾಗುತ್ತದೆ. ನಡುವಿನ ಸೊನ್ನೆ ಮೊಟ್ಟೆಯಾಗುತ್ತದೆ. ಅದೂ ಒಂದೇ ಸಮನಾದ ಮೊಟ್ಟೆಯಲ್ಲ: ಬಲ ಮೇಲ್ಭಾಗ ಮತ್ತು ಎಡ ಕೆಳಭಾಗದ ಗೆರೆ ದಪ್ಪಗಾಗುತ್ತದೆ, ಉಳಿದೆರಡು ಕಡೆ ಸೊರಗುತ್ತದೆ. ಒತ್ತಿನ ಮಹಾಪ್ರಾಣದ ಪುಟ್ಟ ಗೆರೆ ಮಸಿಯಲ್ಲಿ ಮುಳುಗಿದರೆ ‘ದ್ಧ’ವು ‘ದ್ದ’ವಾಗಿ ಅಕ್ಷರದೋಷವೂ ಸೇರಿಕೊಳ್ಳುತ್ತದೆ. ನೇರ ಕಂಬಗಳೇ ಹೆಚ್ಚಿರುವ ರೋಮನ್ ಲಿಪಿ ಈ ಹಿಂಸೆಯನ್ನು ಹೇಗೋ ತಡೆದುಕೊಳ್ಳುತ್ತದೆ. ದುಂಡಗಿರುವುದೇ ಬಂಡವಾಳವಾದ ನಮ್ಮ ಲಿಪಿಗೆ ಅದು ಸಾಧ್ಯವಿಲ್ಲ.

ಹಾಗಾದರೆ ಕನ್ನಡಕ್ಕೆ ಓರೆಯೇ ಒಗ್ಗುವುದಿಲ್ಲವೇ? ಒಗ್ಗುತ್ತದೆ. ಬೋರ್ಡ್ ಬರೆಯುವ ಕಲಾವಿದರು ಲಾರಿಗಳ ಮೇಲೆ, ಅಂಗಡಿಗಳ ಶಟರ್ ಮೇಲೆ ಅದನ್ನು ಬರೆದು ತೋರಿಸಿದ್ದಾರೆ. ಸೀಮೆಸುಣ್ಣ ಬಳಿದ ದಾರದಿಂದ ಮೊದಲು ಗೆರೆ ಹೊಡೆದುಕೊಂಡು, ಆಮೇಲೆ ಕುಂಚ ಎತ್ತುವವರು ಅವರು. ತಲೆಕಟ್ಟನ್ನು ಗಾಳಿಗೆ ಸಿಕ್ಕ ಹಾಗೆ ಎಳೆಯುತ್ತಾರೆ, ಒತ್ತನ್ನು ಬೇಕೆಂದೇ ಬಲಕ್ಕೆ ತಂದು ಕೂರಿಸುತ್ತಾರೆ, ಕೊನೆಯ ಅಕ್ಷರದ ಬಾಲವನ್ನು ಇಡೀ ಪದದ ಅಡಿಗೆ ಹಾಯಿಸಿ ಅಡಿಗೆರೆಯನ್ನೇ ಮಾಡಿಬಿಡುತ್ತಾರೆ. ಸೊನ್ನೆ ಮಾತ್ರ ದುಂಡಗೇ ಉಳಿಯುತ್ತದೆ, ಯಾಕೆಂದರೆ ಅದನ್ನು ಬರೆದದ್ದು ಕಣ್ಣಿರುವ ಮನುಷ್ಯ.

ದಪ್ಪ ಓರೆ ಅಕ್ಷರಕ್ಕೆ ಜಾಗ ಇರುವುದು ಎರಡು ಮೂರು ಪದಗಳಲ್ಲಿ. ಕಬಡ್ಡಿ ಪಂದ್ಯಾವಳಿಯ ಹೆಸರು, ಸೋಡಾ ಬಾಟಲಿಯ ಚೀಟಿ, ನಾಟಕದ ಪೋಸ್ಟರ್, ಪತ್ರಿಕೆಯ ಕ್ರೀಡಾಪುಟದ ತಲೆಬರಹ: ವೇಗ, ಹುರುಪು, ತುಸು ತುಂಟತನ ಇರುವ ಕಡೆ. ಆಮಂತ್ರಣ ಪತ್ರಿಕೆಯ ಎಂಟು ಸಾಲನ್ನೂ ಅದರಲ್ಲೇ ಹೊಡೆದರೆ ವಧೂವರರ ಹೆಸರು ಯಾವುದು, ಛತ್ರದ ವಿಳಾಸ ಯಾವುದು ಎಂದು ಹುಡುಕಬೇಕಾಗುತ್ತದೆ. ಇನ್ನು ಪುಸ್ತಕದ ಹೆಸರನ್ನು ಇಟಾಲಿಕ್ ಮಾಡಲೇಬೇಕೆನ್ನುವ ಇಂಗ್ಲಿಷ್ ಮಡಿವಂತಿಕೆ ಕನ್ನಡಕ್ಕೆ ಬೇಕಿಲ್ಲ. ಉದ್ಧರಣ ಚಿಹ್ನೆ ಸಾಕು.

ಇವತ್ತಿಗೆ ಕೈಗೆ ಸಿಗುವ ಕನ್ನಡ ಫಾಂಟ್‌ಗಳಲ್ಲಿ ಬಲೂ ತಮ್ಮ ಇದೆ, ಅನೇಕ್ ಕನ್ನಡ ಇದೆ. ಎರಡೂ ಏಕ್ ಟೈಪ್ ಸಂಸ್ಥೆಯವು, ಎರಡೂ ಉಚಿತ, ಎರಡರಲ್ಲೂ ಒಳ್ಳೆಯ ದಪ್ಪ ಇದೆ, ಇಟಾಲಿಕ್ ಇಲ್ಲ. ಟಿರೊ ಕನ್ನಡದಲ್ಲಿ ಇಟಾಲಿಕ್ ಇದೆ, ಆದರೆ ಅದು ಪುಸ್ತಕದ ಒಳಪುಟದ ಅಕ್ಷರ, ಬೋಲ್ಡ್ ಇಲ್ಲ. ಆದ್ದರಿಂದ ಡಿಟಿಪಿ ಗೆಳೆಯರೇ, ಸದ್ಯಕ್ಕೆ ನೆಟ್ಟಗಿನ ದಪ್ಪವನ್ನೇ ಬಳಸಿ. ಓರೆ ಬೇಕೇ ಬೇಕೆಂದರೆ ಆ ಎರಡು ಪದಗಳನ್ನು ಬೋರ್ಡ್ ಬರೆಯುವವರ ಕೈಯಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಹಾಕಿ. ಜಾಲತಾಣ ಕಟ್ಟುವವರು ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ಸಿಂಥೆಸಿಸ್ (font-synthesis) ಎಂಬುದನ್ನು ‘none’ ಎಂದು ಬರೆದರೆ ಬ್ರೌಸರ್ ತಾನಾಗಿ ಅಕ್ಷರ ವಾಲಿಸುವುದು ನಿಲ್ಲುತ್ತದೆ. ಒಂದೇ ಸಾಲಿನ ಕೆಲಸ.

ಮತ್ತು ಅಕ್ಷರ ವಿನ್ಯಾಸ ಕಲಿಯುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ಲಾರಿಗಳ ಹಿಂದೆ ಮುಂದೆ ಓಡಾಡಿ, ಒತ್ತುಗಳನ್ನು ಒಂದೊಂದಾಗಿ ಕೂರಿಸಿ, ಒಂದು ನಿಜವಾದ ಕನ್ನಡ ದಪ್ಪ ಇಟಾಲಿಕ್ ಮಾಡಿದರೆ ಅದನ್ನು ದಯವಿಟ್ಟು ಪುಕ್ಕಟೆ ಹಂಚಬೇಡಿ. ಬೆಲೆ ಇಡಿ, ಮೊದಲ ಗಿರಾಕಿ ನಾನು.