ಗೋಲ್‌ಕೀಪರ್ ಎಂದರೆ ಸ್ಟ್ರೈಕರ್‌ಗಳ ಅಭ್ಯಾಸಕ್ಕೆ ನಿಲ್ಲಿಸಿದ ಗುರಿಯಲ್ಲ

ಫುಟ್‌ಬಾಲ್ ತರಬೇತಿ ನೋಡುವಾಗ ನನಗೆ ಸಿಟ್ಟು ಬರುವುದು ಒಂದೇ ದೃಶ್ಯಕ್ಕೆ. ಹತ್ತು ಹನ್ನೆರಡು ಹುಡುಗರು ಸಾಲಾಗಿ ನಿಂತು ಒಬ್ಬರ ಹಿಂದೊಬ್ಬರು ಚೆಂಡು ಒದೆಯುತ್ತಿರುತ್ತಾರೆ. ಗೋಲಿನಲ್ಲಿರುವವನು ಒಂದಕ್ಕೆ ಹಾರಿ, ಬಿದ್ದು, ಏಳುವಷ್ಟರಲ್ಲಿ ಮುಂದಿನದು ಬಲೆ ಸೇರಿರುತ್ತದೆ. ಹೊಡೆಯುವವರ ಜೊತೆಗೆ ಕೀಪರ್‌ಗೂ ಅಭ್ಯಾಸವಾಯಿತು ಎಂದು ಕೋಚ್ ನೆಮ್ಮದಿಯಿಂದ ಸೀಟಿ ಊದುತ್ತಾರೆ. ಆ ಹುಡುಗ ನಿಜವಾಗಿ ಕಲಿತದ್ದು ಚೆಂಡನ್ನು ಹೋಗಲು ಬಿಡುವುದನ್ನು.

ಇನ್ನೊಂದು ಅತಿರೇಕ ಮೊಬೈಲ್ ವಿಡಿಯೊಗಳಿಂದ ಬಂದದ್ದು. ನೆಲದ ಮೇಲೆ ಹಾಸಿದ ಏಣಿ, ಸುತ್ತ ಕೋನ್‌ಗಳು, ನಡುವೆ ಒಂದು ಪಲ್ಟಿ, ಕೊನೆಗೆ ಬಣ್ಣದ ಟೆನಿಸ್ ಚೆಂಡು ಹಿಡಿಯುವುದು. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಪಂದ್ಯದಲ್ಲಿ ಗೋಲು ಹೊಡೆಯಲು ಬರುವವನು ಕೋನ್ ಅಲ್ಲವಲ್ಲ!

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಪೆನಾಲ್ಟಿ ಪ್ರದೇಶದ ಅಂಚು 16.5 ಮೀಟರ್ ದೂರದಲ್ಲಿದೆ. ಅಲ್ಲಿಂದ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು ಸುಮಾರು ಮುಕ್ಕಾಲು ಸೆಕೆಂಡಿನೊಳಗೆ ಗೆರೆ ತಲುಪುತ್ತದೆ. ಇಷ್ಟು ಅಲ್ಪ ಸಮಯದಲ್ಲಿ ಕೀಪರ್‌ನನ್ನು ಕಾಪಾಡುವುದು, ಒದೆಯುವ ಕ್ಷಣದಲ್ಲಿ ಅವನು ಎಲ್ಲಿ ನಿಂತಿದ್ದ, ಹೇಗೆ ನಿಂತಿದ್ದ ಎಂಬ ಎರಡೇ ಸಂಗತಿಗಳು. ಆ ಕ್ಷಣದಲ್ಲಿ ಅವನ ಎರಡೂ ಪಾದ ನೆಲದಲ್ಲಿರಬೇಕು, ಭಾರ ಪಾದದ ಮುಂಭಾಗಕ್ಕೆ ಬಂದಿರಬೇಕು, ಕೈಗಳು ಮುಂದಿರಬೇಕು. ಇನ್ನೂ ಓಡುತ್ತಲೇ ಇದ್ದರೆ ಎಷ್ಟೇ ಚುರುಕಿನವನಾದರೂ ಅರ್ಧ ಹೆಜ್ಜೆ ತಡವಾಗುತ್ತದೆ.

ಇದನ್ನು ಕಲಿಸಲು ಎರಡು ಹಗ್ಗ ಸಾಕು. ಎರಡೂ ಕಂಬಗಳಿಗೆ ಒಂದೊಂದು ಹಗ್ಗ ಕಟ್ಟಿ, ತುದಿಗಳನ್ನು ಚೆಂಡಿನ ಬಳಿ ಸೇರಿಸಿ ಹಿಡಿಯಿರಿ. ತ್ರಿಕೋನದೊಳಗೆ ಕೀಪರ್ ನಿಲ್ಲಲಿ. ಗೆರೆಯ ಮೇಲಿದ್ದಾಗ ಎರಡೂ ಹಗ್ಗಗಳು ಕೈಗೆ ಎಟುಕದಷ್ಟು ದೂರವಿರುತ್ತವೆ. ಮುಂದೆ ಬಂದಂತೆ ಅವು ಹತ್ತಿರವಾಗುತ್ತವೆ. ತೀರಾ ಮುಂದೆ ಬಂದಾಗ ಕೋಚ್ ಒಂದು ಚೆಂಡನ್ನು ಅವನ ತಲೆಯ ಮೇಲಿಂದ ಮೆಲ್ಲಗೆ ಎಸೆದರೆ ಸಾಕು, ಉಳಿದ ಅರ್ಧ ಪಾಠವೂ ಆಯಿತು. ಚೆಂಡನ್ನು ಬದಿಗೆ ಸರಿಸುತ್ತಾ ಹೋಗಿ, ಪ್ರತಿ ಸಲವೂ ಅವನು ತನ್ನ ಜಾಗ ಹುಡುಕಿ ನಿಲ್ಲಲಿ. ಈ ಅಭ್ಯಾಸ ನೋಡುವವರಿಗೆ ನೀರಸ, ಹಾಗಾಗಿ ಇದರ ವಿಡಿಯೊ ಯಾರೂ ಮಾಡುವುದಿಲ್ಲ.

ಬೀಳುವುದನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಕಲಿಸಬೇಕು. ಮೊದಲು ಕುಳಿತು, ಆಮೇಲೆ ಮಂಡಿಯೂರಿ, ನಂತರ ಕುಕ್ಕರಗಾಲಿನಲ್ಲಿ, ಕೊನೆಗೆ ನಿಂತು. ನೆಲ ಮುಟ್ಟಬೇಕಾದದ್ದು ಮೈಯ ಪಕ್ಕ. ಮೊಣಕೈಯಲ್ಲ, ಹೊಟ್ಟೆಯೂ ಅಲ್ಲ. ಒಂದು ಕೈ ಚೆಂಡಿನ ಹಿಂದೆ, ಇನ್ನೊಂದು ಮೇಲೆ, ಮೂರನೆಯ ಕೈಯಾಗಿ ನೆಲ. ಹಾರುವ ಮುನ್ನ ಇಡುವ ಹೆಜ್ಜೆ ಓರೆಯಾಗಿ ಮುಂದಕ್ಕಿರಬೇಕು, ಹಿಂದಕ್ಕೆ ಹಾರುವವನು ಚೆಂಡನ್ನು ತಾನೇ ಗೋಲಿನತ್ತ ಒಯ್ಯುತ್ತಾನೆ.

ಒಂದೇ ಸಮನೆ ಇಪ್ಪತ್ತು ಸಲ ಹಾರಿಸುವುದನ್ನು ದಯವಿಟ್ಟು ನಿಲ್ಲಿಸಿ. ಆರೇಳು ಸಲದ ನಂತರ ಅವನು ಹಾರುತ್ತಿರುವುದಿಲ್ಲ, ಕುಸಿಯುತ್ತಿರುತ್ತಾನೆ, ಆ ಕುಸಿತವೇ ಅಭ್ಯಾಸವಾಗುತ್ತದೆ. ದಮ್ಮು ಬೆಳೆಸಬೇಕಿದ್ದರೆ ಬೇರೆ ಓಡಿಸಿ. ಇಬ್ಬರು ಕೀಪರ್‌ಗಳಿದ್ದರೆ ಸರದಿಯ ಮೇಲೆ ನಿಲ್ಲಿಸಿ, ಒಬ್ಬನೇ ಇದ್ದರೆ ಅವನು ಎದ್ದು ಸಿದ್ಧವಾಗುವವರೆಗೆ ಸಾಲಿನವರು ಕಾಯಲಿ.

ಹತ್ತಿರದ ಹೊಡೆತಗಳ ಲೆಕ್ಕವೇ ಬೇರೆ. ಅಲ್ಲಿ ಹಿಡಿಯುವ ಪ್ರಶ್ನೆಯಿಲ್ಲ, ಮುಂದೆ ನುಗ್ಗಿ ಕೈಕಾಲು ಹರಡಿ ಅಡ್ಡವಾಗಬೇಕು. 2022ರ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಸಮಯದ ಕೊನೆಯಲ್ಲಿ ಅರ್ಜೆಂಟೀನಾದ ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಫ್ರಾನ್ಸ್‌ನ ಸ್ಟ್ರೈಕರ್ ಕೊಲೊ ಮುವಾನಿಯ ಹೊಡೆತವನ್ನು ಚಾಚಿದ ಎಡಗಾಲಿನಿಂದ ತಡೆದದ್ದು ನೆನಪಿದೆಯೇ? ಅದನ್ನು ಅದೃಷ್ಟ ಎನ್ನುವವರ ಜೊತೆ ವಾದಕ್ಕೆ ನನಗೆ ಪುರುಸೊತ್ತಿಲ್ಲ. ಮೂರ್ನಾಲ್ಕು ಮೀಟರ್ ದೂರದಿಂದ ಹೊಡೆಸಿ ಅಭ್ಯಾಸ ಮಾಡಿಸುವ ಭಂಗಿ ಅದು.

ಪೆನಾಲ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 286 ಪೆನಾಲ್ಟಿಗಳನ್ನು ಪರಿಶೀಲಿಸಿದ 2007ರ ಅಧ್ಯಯನವೊಂದರಲ್ಲಿ ಕೀಪರ್‌ಗಳು ಬಹುತೇಕ ಯಾವಾಗಲೂ ಎಡಕ್ಕೋ ಬಲಕ್ಕೋ ಹಾರಿದ್ದರು. ನಡುವೆ ನಿಂತವರು ತಡೆದ ಪ್ರಮಾಣವೇ ಹೆಚ್ಚಿತ್ತು. ಸುಮ್ಮನೆ ನಿಂತು ಗೋಲು ಬಿಟ್ಟರೆ ಜನ ಬೈಯುತ್ತಾರಲ್ಲ!

ನನ್ನ ದೊಡ್ಡ ತಕರಾರು ಕಾಲಿನದು. 1992ರಲ್ಲಿ ಬ್ಯಾಕ್ ಪಾಸ್ ನಿಯಮ ಬಂದು, ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ ಎಂದಾಯಿತು. ಮೂರು ದಶಕಗಳ ಮೇಲಾಗಿದೆ. ಈಗಲೂ ತಂಡವೆಲ್ಲ ಪಾಸಿಂಗ್ ಅಭ್ಯಾಸ ಮಾಡುವಾಗ ಕೀಪರ್ ಮೂಲೆಯಲ್ಲಿ ಗೋಡೆಗೆ ಚೆಂಡೆಸೆದು ಹಿಡಿಯುತ್ತಿರುತ್ತಾನೆ. ಪಂದ್ಯದಲ್ಲಿ ಅವನ ಪಾಸ್ ತಪ್ಪಿದಾಗ ಎಲ್ಲರಿಗೂ ಆಶ್ಚರ್ಯ! ಅವನನ್ನೂ ಆ ಪಾಸಿಂಗ್ ಅಭ್ಯಾಸಕ್ಕೆ ಕರೆಯಿರಿ, ಎರಡೂ ಕಾಲಿನಲ್ಲಿ ಆಡಿಸಿ.

ಹಾಗೆಯೇ ಕ್ರಾಸ್, ಅಂದರೆ ಮೈದಾನದ ಬದಿಯಿಂದ ಗೋಲಿನ ಮುಂದಕ್ಕೆ ಎತ್ತಿ ಹೊಡೆದ ಚೆಂಡಿನ ಅಭ್ಯಾಸ ಮಾಡಿಸುವಾಗ ಗೋಲಿನ ಮುಂದೆ ನಾಲ್ಕಾರು ಜನರನ್ನು ನಿಲ್ಲಿಸಿ, ತಳ್ಳಾಡಲಿ. ಖಾಲಿ ಜಾಗದಲ್ಲಿ ಎತ್ತರದ ಚೆಂಡನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ಹೊರಡುವ ಮೊದಲೇ ಅವನು ‘ನನ್ನದು’ ಎಂದು ಕೂಗಬೇಕು, ಕೂಗದೆ ಹಿಡಿದ ಚೆಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.