ಹದಿನಾಲ್ಕನೆಯವಳು

ಜೂನ್ ತಿಂಗಳ ಒಂದು ಸಂಜೆ. ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಕಟ್ಟೆಯ ಮೇಲಿಟ್ಟು, ಶೂ ಕೂಡ ಬಿಚ್ಚದೆ ಕೂತುಬಿಟ್ಟಳು. ಒಗ್ಗರಣೆ ಚುರುಮರಿ ಅಂದ್ರೆ ಓಡಿ ಬರುವ ಹುಡುಗಿ, ಅವತ್ತು ತಟ್ಟೆ ಮುಟ್ಟಲಿಲ್ಲ. ಏನಾಯ್ತು ಅಂತ ಕೇಳಿದೆ.

"ಅವ್ವಾ, ನಾ ಹದಿನಾಲ್ಕನೇದಾಕಿ ಬಂದೆ. ಹನ್ನೆರಡ ಮಂದಿನ್ನ ಅಷ್ಟ ತಗೊಂಡ್ರು."

ಅವಳಿಗೆ ಈ ವರ್ಷ ಆರನೇ ತರಗತಿ. ಹಳೇ ಶಾಲೆ ಐದಕ್ಕೇ ಮುಗಿಯುತ್ತಿತ್ತು. ಹಾಗಾಗಿ ಗದಗಿನಲ್ಲೇ ಬೇರೆ ಶಾಲೆಗೆ ಸೇರಿಸಿದೆವು. ಹೊಸ ಯೂನಿಫಾರ್ಮು, ವಿಷಯಕ್ಕೊಬ್ಬರು ಟೀಚರು. ಅವಳಿಗೆ ಇದ್ಯಾವುದೂ ದೊಡ್ಡದಲ್ಲ. ಮೈದಾನದಲ್ಲಿ ಎರಡು ಖೋ-ಖೋ ಕಂಬ ನೆಟ್ಟಿದ್ದಾರೆ, ಅದೊಂದೇ ಸುದ್ದಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತಲ್ಲ, ನಮ್ಮ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ್ದನ್ನು ಅಪ್ಪನ ಮೊಬೈಲ್ ಕಸಿದುಕೊಂಡು ನೋಡಿದ್ದಳು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯಿಂದ ಹೋದ ಕನ್ನಡದ ಹುಡುಗಿ ಅಂತ ತಿಳಿದ ಮೇಲಂತೂ ಮನೆಯ ಪಡಸಾಲೆಯೇ ಇವಳ ಮೈದಾನ ಆಗಿತ್ತು.

ಶಾಲೆಯ ಖೋ-ಖೋ ಟೀಮಿಗೆ ಆಯ್ಕೆ ಮಾಡಿದ್ದು ಹೇಗೆ ಗೊತ್ತಾ? ಒಂದೇ ಪಿರಿಯಡ್‌ನಲ್ಲಿ, ಬಂದ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಈ ಗೋಡೆಯಿಂದ ಆ ಗೋಡೆಗೆ ಓಡಿಸಿದರಂತೆ. ಮೊದಲು ಮುಟ್ಟಿದ ಹನ್ನೆರಡು ಜನ ಟೀಮು, ಉಳಿದವರು ಕ್ಲಾಸಿಗೆ.

ಖೋ-ಖೋ ಆಡಿದವರಿಗೆ ಗೊತ್ತು, ಅದು ನೇರ ಓಟದ ಆಟ ಅಲ್ಲ. ಬೆನ್ನಟ್ಟುವವಳು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವ ತನಕ ತಿರುಗುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ತಪ್ಪಿಸಿಕೊಳ್ಳುವವಳಿಗೆ ಆ ಕಟ್ಟು ಇಲ್ಲ. ಕೂತವರ ನಡುವೆ ನುಸುಳಬಹುದು, ಹೋದಂತೆ ಮಾಡಿ ಗಪ್ಪನೆ ಹಿಂದೆ ತಿರುಗಬಹುದು. ಅಲ್ಲಿ ಬೇಕಾಗಿದ್ದು ಬಗ್ಗುವ ಮೈ, ಚುರುಕು ಕಣ್ಣು. ಕೂತವಳಿಗೂ ಅಷ್ಟೇ, "ಖೋ" ಅನ್ನುವುದು ಕಿವಿಗೆ ಬಿದ್ದ ಕೂಡಲೇ ಏಳಬೇಕು. ಗೋಡೆಯಿಂದ ಗೋಡೆಗೆ ಓಡಿಸಿದರೆ ಇದರಲ್ಲಿ ಒಂದೂ ಕಾಣುವುದಿಲ್ಲ. ಉದ್ದ ಕಾಲಿನವರು ಮೊದಲು ಬರುತ್ತಾರೆ, ಅಷ್ಟೇ.

ಹನ್ನೊಂದು ವರ್ಷದ ಹೆಣ್ಣುಮಕ್ಕಳಲ್ಲಿ ಕಾಲಿನ ಉದ್ದ ಅನ್ನೋದು ಎಷ್ಟು ದಿನದ ಮಾತು? ಒಬ್ಬಳು ಆಗಲೇ ನನ್ನ ಭುಜಕ್ಕೆ ಬಂದಿರುತ್ತಾಳೆ, ಇನ್ನೊಬ್ಬಳು ಮುಂದಿನ ವರ್ಷ ಒಮ್ಮೆಲೇ ಬೆಳೆಯುತ್ತಾಳೆ. ನನ್ನ ಮಗಳು ಹುಟ್ಟಿದ್ದು ಮೇ ತಿಂಗಳಲ್ಲಿ. ಅವಳ ಬೆಂಚಿನ ಗೆಳತಿ ಹಿಂದಿನ ಜೂನ್‌ನವಳು. ಒಂದೇ ತರಗತಿ, ಹನ್ನೊಂದು ತಿಂಗಳ ಅಂತರ. ದೊಡ್ಡವರಿಗೆ ಅದು ಏನೂ ಅಲ್ಲ. ಆ ವಯಸ್ಸಿನಲ್ಲಿ ಅದು ಒಂದು ಗೇಣು ಎತ್ತರ.

ಇನ್ನೊಂದು ಮಾತು ನಾವೆಲ್ಲ ಮರೆತುಬಿಟ್ಟಿದ್ದೇವೆ. ಈ ಮಕ್ಕಳು ಒಂದನೇ ತರಗತಿಗೆ ಹೆಸರು ಹಚ್ಚಿದ್ದು 2020ರಲ್ಲಿ. ಕೊರೊನಾ ಅಂತ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಕುಂಟೆಬಿಲ್ಲೆ, ಮುಟ್ಟಾಟ, ಬಿದ್ದು ಮೊಣಕಾಲು ಕೆತ್ತಿಸಿಕೊಳ್ಳುವುದು, ಇದೆಲ್ಲ ಆಗಬೇಕಾದ ವಯಸ್ಸಿನಲ್ಲಿ ಅವರು ಮೊಬೈಲ್ ಮುಂದೆ ಕೂತು ಅಆಇಈ ಬರೆದರು. ಅಂಥ ಮಕ್ಕಳನ್ನು ಒಂದು ಓಟದಲ್ಲಿ ಬೇಕು, ಬೇಡ ಅಂತ ವಿಂಗಡಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಆಮೇಲೆ ಪ್ರತಿಭಾ ಕಾರಂಜಿ ಬಂತು. ಭಕ್ತಿಗೀತೆಗೆ ಹೆಸರು ಕೊಡಲು ಹೋದರೆ ಅದು ಆಗಲೇ ತುಂಬಿತ್ತು. ಹೋದ ವರ್ಷ ಹಾಡಿದ ಹುಡುಗಿಯೇ ಈ ವರ್ಷವೂ. ಕಂಠಪಾಠಕ್ಕೂ ಅವಳೇ. ಆ ಮಗುವಿನ ತಪ್ಪೇನಿಲ್ಲ, ಚೆಂದ ಹಾಡುತ್ತಾಳೆ. ಆದರೆ ಹೊಸದಾಗಿ ಬಂದ ಮಗುವಿನ ಹೆಸರೇ ಟೀಚರ ಬಾಯಿಗೆ ಬಂದಿರುವುದಿಲ್ಲ, ಕಂಠ ಎಲ್ಲಿಂದ ಗೊತ್ತಾಗಬೇಕು?

ಕೊನೆಗೆ ಮಣ್ಣಿನ ಗೊಂಬೆ ಮಾಡುವುದಕ್ಕೆ ಯಾರೂ ಇಲ್ಲ ಅಂತ ಇವಳನ್ನು ಕಳಿಸಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಅತ್ತೆ ಪ್ರತಿ ವರ್ಷ ಮನೆಯಲ್ಲೇ ಎತ್ತು ಮಾಡುತ್ತಾರೆ. ಎರೆಮಣ್ಣನ್ನು ಕಲ್ಲು ಕಡ್ಡಿ ಆರಿಸಿ, ನೆನೆಸಿ, ರೊಟ್ಟಿ ಹಿಟ್ಟಿನ ಹಾಗೆ ನಾದಿ ನಾದಿ ಹದ ಮಾಡುತ್ತಾರೆ. ಇವಳು ಚಿಕ್ಕಂದಿನಿಂದ ಪಕ್ಕದಲ್ಲೇ ಕೂತು ಕಲಿತವಳು. ಕ್ಲಸ್ಟರ್ ಮಟ್ಟದಲ್ಲಿ ಜೋಡಿ ಎತ್ತು, ಮುಂದೆ ಒಂದು ಗ್ವಾದಲಿ, ಅಂದ್ರೆ ಮೇವು ಹಾಕುವ ತೊಟ್ಟಿ, ಮಾಡಿದಳು. ಎತ್ತಿನ ಹಿಣಿಲು ಕೂಡಿಸುವಾಗ ಅಜ್ಜಿಯ ಹಾಗೆ ಹೆಬ್ಬೆರಳು ನೀರಲ್ಲಿ ಅದ್ದಿ ಸವರಿದಳಂತೆ. ಎರಡನೇ ಬಹುಮಾನ ಬಂತು.

ಅಷ್ಟಾಗಿದ್ದೇ ತಡ, ಓಣಿಯವರು, ಬೀಗರು, ನಮ್ಮ ಮನೆಯವರು ಕೂಡ "ನೋಡು, ಇದರಾಗ ಆಕಿ ಕೈ ಚಲೋ ಐತಿ. ಖೋ-ಖೋ ಬಿಡಸು" ಅನ್ನಲು ಶುರು ಮಾಡಿದರು. ನಾನು ಒಪ್ಪಲಿಲ್ಲ. ಮಣ್ಣಿನ ಕೆಲಸ ಅವಳಿಗೆ ಬರುತ್ತದೆ, ಹೌದು. ಆದರೆ ಅವಳು ಆಸೆ ಪಟ್ಟಿದ್ದು ಖೋ-ಖೋ. ಬಹುಮಾನ ಬಂದಲ್ಲೇ ಮಗುವನ್ನು ಕಟ್ಟಿಹಾಕುವುದಕ್ಕೆ ಹನ್ನೊಂದು ವರ್ಷ ತೀರಾ ಬೇಗ ಆಯಿತು.

ನಾನು ಕೇಳುವುದು ಇಷ್ಟೇ. ಟೀಮ್ ಬೇರೆ, ಪ್ರಾಕ್ಟೀಸ್ ಬೇರೆ. ವಲಯ ಮಟ್ಟಕ್ಕೆ ಹನ್ನೆರಡೇ ಜನ ಹೋಗಲಿ, ಚೆನ್ನಾಗಿ ಆಡುವವರೇ ಹೋಗಲಿ. ಆದರೆ ಆರನೇ ತರಗತಿಯಲ್ಲಿ ಆಸೆ ಪಟ್ಟು ಬಂದ ಮಗುವಿಗೆ ದಿನಾ ಬೆಳಿಗ್ಗೆ ಮೈದಾನದಲ್ಲಿ ಜಾಗ ಇರಬೇಕು. ಅದಕ್ಕೆ ಬೇರೆ ಖರ್ಚಿಲ್ಲ. ಖೋ-ಖೋಗೆ ಬ್ಯಾಟು ಬೇಡ, ನೆಟ್ಟು ಬೇಡ. ಎರಡು ಕಂಬ, ಸುಣ್ಣದ ಗೆರೆ ಸಾಕು.

ಇದನ್ನೇ ಹೇಳಲು ಪಿಟಿ ಸರ್ ಹತ್ತಿರ ಹೋದೆ. ಇಡೀ ಶಾಲೆಗೆ ಅವರೊಬ್ಬರೇ, ಅದೂ ನನಗೆ ಗೊತ್ತು. ಸಿಟ್ಟು ಮಾಡಬಹುದು ಅಂದುಕೊಂಡಿದ್ದೆ. ಅವರು "ಬರ್ಲಿ ಬಿಡ್ರಿ ಅಕ್ಕಾರ, ಬ್ಯಾಡ ಅಂದವರ ಯಾರು?" ಅಂದರು. ಹೌದು, ಯಾರೂ ಬೇಡ ಅಂದಿರಲಿಲ್ಲ. ಆದರೆ ಬಾ ಅಂತಲೂ ಯಾರೂ ಹೇಳಿರಲಿಲ್ಲ. ಹೆಸರು ಕೂಗದೆ ಹೋದರೆ ಮಕ್ಕಳು ಏನು ತಿಳಿಯಬೇಕು ಹೇಳಿ?

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಸರ್ ಅದನ್ನೇ ಎಲ್ಲರ ಮುಂದೆ ಹೇಳಿದರಂತೆ. ಬಿಟ್ಟುಹೋದವರಲ್ಲಿ ಏಳು ಹುಡುಗಿಯರು ತಿರುಗಿ ಬಂದರು. ಈಗ ಇವಳು ನಾನು ಎಬ್ಬಿಸುವ ಮೊದಲೇ ಎದ್ದು ಜಡೆ ಹಾಕಿಸಿಕೊಳ್ಳಲು ಅಜ್ಜಿ ಮುಂದೆ ಕೂತಿರುತ್ತಾಳೆ. ಮೊನ್ನೆ ಶುಕ್ರವಾರ ಸಂಜೆ ಬಂದಾಗ ಲಂಗದ ತುದಿ ಮಣ್ಣಾಗಿತ್ತು, ಮೊಣಕಾಲು ಕೆತ್ತಿತ್ತು. ಅರಿಶಿನ ಹಚ್ಚುತ್ತ ಹ್ಯಾಂಗಾತವಾ ಅಂತ ಕೇಳಿದೆ.

"ಅವ್ವಾ, ಇವತ್ತ ನನಗ ಎರಡ ಸಲ ಖೋ ಕೊಟ್ರು."